ರೆಕ್ಕೆಯವನ ಪಿಚ್ಚರಿಗೆ ಮುನಿಗಂಗಪ್ಪನ ತೀರ್ಪು

ಚಿಂತಾಮಣಿಯಲ್ಲಿ ಒಂದು ಸಿನಿಮಾ ಗೆದ್ದಿತೋ ಸೋತಿತೋ ತಿಳಿಯಲು ಯಾರೂ ಪೇಪರು ತಿರುವುತ್ತಿರಲಿಲ್ಲ, ಮುನಿಗಂಗಪ್ಪನನ್ನು ಕೇಳುತ್ತಿದ್ದರು. ನಲ್ಲಪ್ಪನವರ ಟಾಕೀಸಿನ ಪ್ರಚಾರದ ಮೈಕು ಅವನ ಕೈಯಲ್ಲಿತ್ತು. ಆಟೊದಲ್ಲಿ ಕೂತು ಊರೂರು ತಿರುಗಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗಿ, ಗುಲಾಬಿ ಬಣ್ಣದ ಚೀಟಿ ತೂರುವುದು ಅವನ ಕೆಲಸ. ಶುಕ್ರವಾರ ಮೊದಲ ಆಟ ಬಿಡುವ ಹೊತ್ತಿಗೆ ಮಾತ್ರ ಸೈಕಲ್ ಸ್ಟ್ಯಾಂಡಿನ ಪಕ್ಕ ಬಂದು ನಿಲ್ಲುತ್ತಿದ್ದ. ಹೊರಗೆ ಬಂದವರು ಬೀಡಿ ಹಚ್ಚಿ ತೆಪ್ಪಗೆ ಸೈಕಲ್ ಹತ್ತಿದರೆ ಪಿಚ್ಚರ್ ಢಮಾರ್. ಸೈಕಲ್ ಮರೆತು, "ಹಿಂಗ್ ಒದ್ದ ನೋಡು" ಎಂದು ಪಕ್ಕದವನ ಹೊಟ್ಟೆಗೆ ತಿವಿಯುತ್ತ ನಡೆದೇ ಹೊರಟರೆ ಹಿಟ್. ನಲ್ಲಪ್ಪನವರು ಗಲ್ಲಾದಲ್ಲಿ ಕೂತೇ "ಏನೋ?" ಎನ್ನುತ್ತಿದ್ದರು, ಇವನು ತೀರ್ಪು ಹೇಳುತ್ತಿದ್ದ.

ಈ ದೊಡ್ಡಸ್ತಿಕೆಗೆ ಸೊಪ್ಪು ಹಾಕದವಳು ಅವನ ಹೆಂಡತಿ ಆಂಜಿನಮ್ಮ ಒಬ್ಬಳೇ. ಮದುವೆಯಾಗಿ ಬಂದಾಗಿನಿಂದ ಟಾಕೀಸಿಗೆ ಕಾಲಿಟ್ಟವಳಲ್ಲ. "ಈ ಮೈಕ್ನ ಮನೇಲಿ ಪುಕ್ಸಟ್ಟೆ ಕೇಳ್ತೀನಿ, ದುಡ್ ಬೇರೆ ಕೊಟ್ಟು ಹೋಗ್ಬೇಕಾ?" ಎನ್ನುತ್ತಿದ್ದಳು. ಮುನಿಗಂಗಪ್ಪ ನಗುತ್ತಿದ್ದ, ಆದರೆ ಆ ಮಾತು ಅವನಿಗೆ ನಿಜವಾಗಿಯೂ ನೋಯುತ್ತಿತ್ತು.

ಮನೆಮನೆಗೂ ಕೇಬಲ್ ಬಂದು ಟಾಕೀಸುಗಳು ಏದುಸಿರು ಬಿಡುತ್ತಿದ್ದ ಕಾಲ, ಎರಡು ಸಾವಿರದ ನಾಲ್ಕನೇ ಇಸವಿ. ಬೆನ್ನಿಗೆ ಉಕ್ಕಿನ ರೆಕ್ಕೆ ಕಟ್ಟಿಕೊಂಡು ಹಾರುವ ವೀರನ ಇಂಗ್ಲಿಷ್ ಸಿನಿಮಾವೊಂದು ತೆಲುಗು ಮಾತು ಹಾಕಿಸಿಕೊಂಡು ಬಂದಿತ್ತು. ಇಡೀ ದೇಶದಲ್ಲೇ ಧೂಳೆಬ್ಬಿಸುತ್ತಿದೆ ಎಂದು ಸುದ್ದಿ. ಅದನ್ನೇ ತರಿಸಿ ಎಂದು ನಲ್ಲಪ್ಪನವರ ಬೆನ್ನು ಬಿದ್ದವನು ಮುನಿಗಂಗಪ್ಪನೇ. ಅವರು ಎರಡು ವಾರಕ್ಕೆ ಬಾಡಿಗೆ ಕಟ್ಟಿ ತರಿಸಿದರು. ತರಿಸಿದ ಶುಕ್ರವಾರ ನೋಡಿದರೆ ಒಳಗೆ ಜನಕ್ಕಿಂತ ಫ್ಯಾನುಗಳೇ ಜಾಸ್ತಿ.

ಕಾರಣ ರೆಕ್ಕೆಯವನಲ್ಲ, ಹುಳ. ಆ ವಾರ ಸುತ್ತಲಿನ ಹಳ್ಳಿಗಳಲ್ಲೆಲ್ಲ ರೇಷ್ಮೆ ಹುಳ ಕೊನೆಯ ಸಲ ಪೊರೆ ಕಳಚಿ, ರೈತರ ಮಾತಿನಲ್ಲಿ ಕಡೆಯ ಜ್ವರ ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಅಂಥ ಹೊತ್ತಿನಲ್ಲಿ ಹುಳದ ಮನೆ ಬಿಟ್ಟು ಬಾ ಎಂದರೆ ಹೆತ್ತ ತಾಯಿಯೂ ಬರುವುದಿಲ್ಲ. ಇದು ನಲ್ಲಪ್ಪನವರಿಗೂ ಗೊತ್ತು. ಆದರೆ ಗೊತ್ತಿದ್ದರೆ ಸಿಟ್ಟು ಕಡಿಮೆಯಾಗಬೇಕೆಂದು ಎಲ್ಲಿದೆ?

"ನಿನ್ ಮಾತು ಕೇಳಿ ತಂದೆ ಕಣೋ. ಇದು ಮಕಾಡೆ ಮಲಗ್ತೋ, ಮೈಕು ಅಟ್ಟಕ್ಕೆ, ನೀನು ಮನೆಗೆ" ಎಂದರು.

ಮೈಕಿಲ್ಲದ ತನ್ನನ್ನು ಮುನಿಗಂಗಪ್ಪ ಕನಸಲ್ಲೂ ಕಂಡವನಲ್ಲ.

ಮರುದಿನ ಬೆಳಿಗ್ಗೆಯೇ ಆಟೊ ಅಂಬಾಜಿದುರ್ಗ ಬೆಟ್ಟದ ಕಡೆಯ ಹಳ್ಳಿಗಳಿಗೆ ಹೊರಟಿತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಮ್ಮಾಜಮ್ಮ ಸೊಂಟ ನೆಟ್ಟಗೆ ಮಾಡಿ ಗದರಿದಳು.

"ಏಮಪ್ಪಾ, ಹುಳ ಹಸ್ಕೊಂಡ್ ಕೂತವೆ, ನಿಂಗೆ ಪಿಚ್ಚರಾ? ಅಷ್ಟು ಚೆಂದಾಗಿದ್ರೆ ಇಲ್ಲೇ ಹೇಳು, ಸೊಪ್ಪು ಕುಯ್ಕೊಂಡೇ ಕೇಳ್ತೀವಿ."

ಸ್ವಲ್ಪ ರುಚಿ ತೋರಿಸಿದರೆ ಬಂದಾರು ಎಂದು ಅವನು ಶುರುಮಾಡಿದ. ಕತೆ ನಡೆಯುವ ಊರಿನ ಹೆಸರು ಅವನ ನಾಲಗೆಗೆ ಹೊರಳಲಿಲ್ಲ, ಹಾಗಾಗಿ ರೆಕ್ಕೆಯವನನ್ನು ತಮ್ಮ ಸೀಮೆಯ ನಗರಗೆರೆಯಲ್ಲೇ ಹುಟ್ಟಿಸಿದ. ಅಲ್ಲಿಂದ ಮುಂದೆ ಅವನ ಬಾಯಿಯನ್ನು ಹಿಡಿಯುವವರೇ ಇಲ್ಲವಾದರು. ರೆಕ್ಕೆಯವನು ಬ್ರೇಕು ಕಿತ್ತುಹೋದ ರೈಲನ್ನು ತೊಂಡೇಬಾವಿ ಸ್ಟೇಷನ್ನಿನಲ್ಲಿ ಎದೆಯೊಡ್ಡಿ ನಿಲ್ಲಿಸಿದ. ನಿಲ್ಲಿಸಿ, ಬಾಯಾರಿಕೆಯಾಗಿ, ಅಲ್ಲೇ ಒಂದು ಮನೆಯಲ್ಲಿ ಮಜ್ಜಿಗೆ ಕೇಳಿದ. ಹೆಂಗಸರು ಕುಡುಗೋಲು ಕೆಳಗಿಟ್ಟು ಕೇಳಿದರು.

ಮಾರನೆಯ ದಿನ ಆಟೊ ಬರುವ ಮೊದಲೇ ಜನ ರಸ್ತೆಗೆ ಬಂದಿದ್ದರು. ಮೂರನೆಯ ದಿನ ಅವನಿಗೆ ಮುದ್ದೆ, ಬಸ್ಸಾರು. ಮುಂದಿನ ಹಳ್ಳಿಯವರು ಹಿಂದಿನ ಹಳ್ಳಿಗೇ ಬಂದು ಕೂರತೊಡಗಿದರು. ಸಾಯಂಕಾಲ ಅವನು ಉಬ್ಬಿಹೋಗಿ ನಲ್ಲಪ್ಪನವರಿಗೆ ಹೇಳಿದ: "ಸಾವ್ಕಾರ್ರೆ, ಬಂಪರ್ ಹಿಟ್ಟು! ಜನ ಸಾಯ್ತಾವ್ರೆ!"

"ಎಲ್ಲೋ ಸಾಯ್ತಾವ್ರೆ? ಒಳಗೆ ನೊಣ ಇಲ್ವಲ್ಲೋ!"

ಅನುಮಾನ ಬಂದ ನಲ್ಲಪ್ಪನವರು ಮರುದಿನ ತಾವೇ ಆಟೊ ಹತ್ತಿದರು. ಅರಳಿಕಟ್ಟೆಯ ಸುತ್ತ ಊರಿಗೆ ಊರೇ ಕೂತಿತ್ತು. ಮುನಿಗಂಗಪ್ಪ ಅವರನ್ನು ಮರೆತೇಬಿಟ್ಟ. ಖಳನಾಯಕ ಅಂಬಾಜಿದುರ್ಗದ ನೆತ್ತಿಯ ಮೇಲೆ ರೆಕ್ಕೆಯವನ ರೆಕ್ಕೆ ಮುರಿದು, ಬಂಡೆಯ ತುದಿಯಿಂದ ಕೆಳಕ್ಕೆ ತಳ್ಳಿದ. "ಬೀಳ್ತಾವ್ನೆ... ಬೀಳ್ತಾವ್ನೆ... ಆವಾಗ..."

ನಲ್ಲಪ್ಪನವರು ಮೈಕು ಕಿತ್ತುಕೊಂಡರು. "ಲೋ ಮನೆಹಾಳ! ಪೂರ್ತಿ ಪಿಚ್ಚರ್ನ ಪುಕ್ಸಟ್ಟೆ ಹಂಚ್ತಿದ್ಯೇನೋ? ಇನ್ಯಾಕೋ ಬರ್ತಾರೆ ಜನ?"

ಆಟೊ ತಿರುಗಿತು. ಅಮ್ಮಾಜಮ್ಮ ಹಿಂದೆಯೇ ಓಡಿಬಂದು, "ಅಯ್ಯೋ ದೇವುಡಾ, ಬಿದ್ನಾ? ಬದುಕಿದ್ನಾ? ಅಷ್ಟು ಹೇಳೋಗಪ್ಪಾ!" ಎಂದು ಕೂಗಿದಳು. ಮುನಿಗಂಗಪ್ಪನಿಗೆ ಅಳುವೇ ಬಂದುಬಿಟ್ಟಿತು. ಮೈಕು ಅಟ್ಟ ಸೇರಿತು, ಅವನು ಮನೆ ಸೇರಿದ. ಎರಡು ದಿನ ಬಾಯೇ ಬಿಡಲಿಲ್ಲ. ಆಂಜಿನಮ್ಮ ಹಣೆ ಮುಟ್ಟಿ ನೋಡಿದಳು.

ಎರಡನೆಯ ವಾರ ಹುಳ ಹಣ್ಣಾದವು, ಚಂದ್ರಿಕೆಯ ಬಿದಿರು ತಟ್ಟೆ ಏರಿದವು, ಗೂಡು ಕಟ್ಟಿದವು. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದ್ದೇ ತಡ, ಹಳ್ಳಿಗಳೆಲ್ಲ ಟ್ರಾಕ್ಟರು ಹತ್ತಿ ಮ್ಯಾಟಿನಿಗೆ ಚಿಂತಾಮಣಿಗೆ ಬಂದಿಳಿದವು. ಬಿದ್ದವನು ಏನಾದ ಎಂದು ತಿಳಿಯದೆ ಯಾರಿಗೂ ನೆಮ್ಮದಿಯಿರಲಿಲ್ಲ. ಟಾಕೀಸು ಭರ್ತಿ. ನಲ್ಲಪ್ಪನವರು ದೇವರ ಪಟಕ್ಕೆ ಇನ್ನೊಂದು ಊದುಬತ್ತಿ ಹಚ್ಚಿದರು.

ಊದುಬತ್ತಿ ಅರ್ಧ ಉರಿಯುವಷ್ಟರಲ್ಲಿ ಒಳಗೆ ಗಲಾಟೆ. ತೆರೆಯ ಮೇಲೆ ಗಾಜಿನ ಕಟ್ಟಡಗಳಿದ್ದವು, ಕೋಟು ತೊಟ್ಟವರು ಏನೋ ಲೆಕ್ಕಾಚಾರ ಮಾತಾಡುತ್ತಿದ್ದರು.

"ನಗರಗೆರೆ ಎಲ್ರಪ್ಪಾ? ಮಜ್ಜಿಗೆ ಎಲ್ಲಿ? ಇದು ಬೇರೆ ಪಿಚ್ಚರು!" ಅಮ್ಮಾಜಮ್ಮ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. "ಮೋಸ! ದುಡ್ ವಾಪಸ್ ಕೊಡ್ರಿ!"

ನಲ್ಲಪ್ಪನವರು ಬೆವತು ನೀರಾದರು. ಮುನಿಗಂಗಪ್ಪನ ಮನೆಗೆ ಮೋಟರ್ ಬೈಕು ಓಡಿಸಿದರು. ಬಾಗಿಲಿಗೆ ಬೀಗ, ಅವನು ಇರಲಿಲ್ಲ. ಜನ ಬಂದ ಸುದ್ದಿ ಕೇಳಿ ಸೈಕಲ್ ಹತ್ತಿ ಟಾಕೀಸಿಗೇ ಬಂದು, ಅಭ್ಯಾಸಬಲದಿಂದ ಸ್ಟ್ಯಾಂಡಿನ ಪಕ್ಕ ನಿಂತಿದ್ದ. ಅವರು ವಾಪಸು ಬಂದು, ಅಟ್ಟದಿಂದ ಮೈಕು ಇಳಿಸಿ, ಧೂಳು ಒರೆಸದೆ ಅವನ ಕೈಗಿಟ್ಟರು.

"ಮಾನ ಉಳ್ಸಪ್ಪಾ."

ತೆಲುಗು ಮಾತಿನ ಸದ್ದು ಇಳಿಯಿತು, ಮುನಿಗಂಗಪ್ಪನ ದನಿ ಏರಿತು. ಗಾಜಿನ ಕಟ್ಟಡ ಅಂಬಾಜಿದುರ್ಗವಾಯಿತು. ಕೋಟಿನವರು ಗೂಡಿನ ದಲ್ಲಾಳಿಗಳಾಗಿ ಚೌಕಾಸಿಗೆ ಕೂತರು. ಜನ ಶಿಳ್ಳೆ ಹೊಡೆದರು. ಕೊನೆಯಲ್ಲಿ ವೀರ ಬದುಕಿ, ಆಕಾಶದಲ್ಲಿ ಒಬ್ಬನೇ ಹಾರಿಹೋಗುತ್ತಾನೆ, ಅಷ್ಟೇ. ಮುನಿಗಂಗಪ್ಪ ಬಾಯಿ ತೆರೆದವನು, ಹೆಂಗಸರ ಸಾಲಿನ ಕಡೆ ನೋಡಿ ಒಂದು ಗಳಿಗೆ ತಡೆದ. ಅಲ್ಲಿ ಸೆರಗು ಹೊದ್ದು ಆಂಜಿನಮ್ಮ ಕೂತಿದ್ದಳು.

"ಹಾರ್ಕೊಂಡು ಎಲ್ಲಿಗ್ ಹೋಗ್ತಾವ್ನೆ ಅಂತೀರಾ? ಮನೆಗೆ! ಬಾಗ್ಲಲ್ಲಿ ಹೆಂಡ್ತಿ ನಿಂತವ್ಳೆ. ಏನಂತಾಳೆ? 'ಬಂದ್ಯಾ? ರೆಕ್ಕೆ ಬಿಚ್ಚಿ ಕೈ ತೊಳ್ಕೋ, ಮುದ್ದೆ ಆರೋಗ್ತೈತೆ!'"

ಟಾಕೀಸಿನ ತಗಡು ಅದುರುವಂತೆ ನಕ್ಕರು.

ಆಟ ಬಿಟ್ಟಿತು. ಮುನಿಗಂಗಪ್ಪ ಜನರ ಮಾತಿಗೆ ಕಿವಿಗೊಟ್ಟ. ಎಲ್ಲರೂ ಒದ್ದು, ಹಾರಿ ತೋರಿಸುತ್ತಿದ್ದರು. ಅದರಲ್ಲಿ ಒಂದೂ ಪಿಚ್ಚರಿನಲ್ಲಿ ಇದ್ದದ್ದಲ್ಲ.

"ಏನೋ?" ನಲ್ಲಪ್ಪನವರು ಕೇಳಿದರು.

"ಪಿಚ್ಚರ್ ಫ್ಲಾಪು ಸಾವ್ಕಾರ್ರೆ." ಅವನಿಗೆ ಸುಳ್ಳು ತೀರ್ಪು ಹೇಳಿ ಅಭ್ಯಾಸವಿರಲಿಲ್ಲ.

"ಅದು ಹಾಳಾಗೋಗ್ಲಿ. ನಾಳೆ ಮ್ಯಾಟಿನಿಗೆ ಬೇಗ ಬಾ." ಮೈಕನ್ನು ಅವನ ಕೈಯಿಂದ ಅವರು ವಾಪಸು ಕೇಳಲಿಲ್ಲ.

ಹೆಂಗಸರ ಗೇಟಿನಿಂದ ಆಂಜಿನಮ್ಮ ಬಂದಳು. "ದಿನಾ ಮನೇಲಿ ನಾನನ್ನೋ ಮಾತು ಕದ್ದು ಮೈಕಲ್ಲಿ ಹಾಕಿದ್ದೀಯಲ್ಲ, ನಾಚ್ಕೆ ಆಗಲ್ವಾ?"

"ದುಡ್ ಕೊಟ್ಟು ಬಂದ್ಯಾ?"

"ಮತ್ತೆ? ಪುಕ್ಸಟ್ಟೆ ಬಿಡ್ತಾರಾ?" ಎಂದು ಮುಂದೆ ನಡೆದಳು. ಅವನು ಜೊತೆಗೆ ಹೆಜ್ಜೆ ಹಾಕಿದ. ದಾರಿಯುದ್ದಕ್ಕೂ ಅವಳೇ ಮಾತು. ರೈಲು ನಿಲ್ಲಿಸಿದ್ದು ಹೀಗೆ, ಬಿದ್ದಿದ್ದು ಹೀಗೆ ಎಂದು ಕೈ ಬೀಸಿ ತೋರಿಸುತ್ತ ಎರಡು ಸಲ ಅವನ ಹೊಟ್ಟೆಗೆ ತಿವಿದಳು. ಮನೆಯ ಬಾಗಿಲಿಗೆ ಬಂದು ಬೀಗದ ಕೈ ಹುಡುಕುವಾಗ ಅವನಿಗೆ ನೆನಪಾಯಿತು, ಸೈಕಲ್ಲು ಸ್ಟ್ಯಾಂಡಿನಲ್ಲೇ ಉಳಿದಿತ್ತು.