ಎಣ್ಣೆ ಕೈಯ ಪರೀಕ್ಷೆ

ಎಡಗೈಯೇ ಇರಬೇಕು. ಹೆಬ್ಬೆರಳಿನ ಉಗುರು ಅರಿಸಿನ ಕುಡಿದು ಹಳದಿಯಾಗಿತ್ತು, ನಡುವೆ ಉದ್ದಕ್ಕೆ ಒಂದು ಸೀಳು. ಆ ಉಗುರನ್ನು ಅಲಗಿನ ತೂತಿಗೆ ಆನಿಸಿ ತಳ್ಳಿದರೆ ಚಾಕು ಟಕ್ಕೆಂದು ಹೊರಗೆ ಬರುತ್ತಿತ್ತು. ಇಷ್ಟು ಸ್ಪಷ್ಟವಾಗಿ ಕಾಣುತ್ತಿದೆ ಎನ್ನುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಆ ಕೈಯನ್ನು ಎಷ್ಟು ಸಲ ನೆನಪಿಗೆ ಎಳೆದು ತಂದಿದ್ದೇನೆಂದರೆ, ಈಗ ಕಾಣುವುದು ಅವರ ಕೈಯೋ ನಾನು ತಿದ್ದಿ ತಿದ್ದಿ ಮಾಡಿಕೊಂಡ ಕೈಯೋ ಹೇಳಲಾರೆ.

ಬೋಗಾದಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಕೆಳಗೆ ಅವರೊಬ್ಬರೇ, ಮೇಲೆ ನಾನೊಬ್ಬಳೇ. ಬೀದಿಗೆಲ್ಲ ಅವರು ಓನರ್ ಆಂಟಿ. ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲಿನಲ್ಲಿ ಒಂದು ಮಲ್ಟಿಟೂಲ್ ತೂಗುತ್ತಿತ್ತು. ಮಡಿಸಿದರೆ ಬೆರಳುದ್ದ, ಬಿಚ್ಚಿದರೆ ಇಕ್ಕಳ, ಚಾಕು, ಸ್ಕ್ರೂಡ್ರೈವರ್. ಹಾಲಿನ ಪ್ಯಾಕೆಟ್ ಕತ್ತರಿಸುವುದೂ ಅದರಲ್ಲೇ, ನೀರಿನ ಮೋಟಾರಿನ ಸ್ವಿಚ್ಚು ಬಿಚ್ಚುವುದೂ ಅದರಲ್ಲೇ. ಮೆಟ್ಟಿಲು ಹತ್ತಿ ಬಂದರೆ ಅವರಿಗಿಂತ ಮೊದಲು ಗೊಂಚಲಿನ ಸದ್ದು ಬರುತ್ತಿತ್ತು. ಬಂದವರು ಕೂರುತ್ತಿರಲಿಲ್ಲ. ನನ್ನ ಕುಕ್ಕರಿನ ಹಿಡಿ ಅಲ್ಲಾಡಿಸಿ ನೋಡಿ, ಸ್ಕ್ರೂ ಬಿಗಿ ಮಾಡಿ, "ಎಷ್ಟ್ ದಿನ ಹಿಂಗೇ ಎತ್ತಿಳಿಸ್ತೀಯಾ? ಒಂದಿನ ಸಾರೆಲ್ಲ ಕಾಲ್ಮೇಲೆ" ಎಂದು ಬೈದು ಇಳಿದು ಹೋಗುತ್ತಿದ್ದರು.

ನನಗೂ ಒಂದು ಬೇಕೆನಿಸಿತು. ವಾರಗಟ್ಟಲೆ ವಿಡಿಯೊ ನೋಡಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಗರಗಸ, ಅರ, ಕತ್ತರಿ, ಡಬ್ಬಿ ಓಪನರ್ ಎಲ್ಲ ಇರುವ ದಪ್ಪದೊಂದನ್ನು ಆರಿಸಿ ಫೋನಿನಲ್ಲಿ ಅವರಿಗೆ ತೋರಿಸಿದೆ.

"ಇದು ಚಾಮುಂಡಿಗೆ ಸರಿ. ಅವಳಿಗೆ ಕೈ ಜಾಸ್ತಿ. ನಿಂಗಿರೋದು ಎರಡೇ ಕಣಮ್ಮ."

"ದಿನಾ ಬ್ಯಾಗಲ್ಲಿರುತ್ತೆ ಆಂಟಿ, ಒಂದಲ್ಲ ಒಂದು ಉಪಯೋಗಕ್ಕೆ ಬರುತ್ತೆ."

"ಬ್ಯಾಗಲ್ಲಿಟ್ಕೊಂಡ್ರೆ ಮನೇಲಿ ಬಿಟ್ಟು ಹೋದಂಗೇ. ನಾಳೆ ನನ್ ಜೊತೆ ಸಂತೆಪೇಟೆಗೆ ಬಾ."

ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅವರು ಕೈಚೀಲದಿಂದ ಮೊದಲು ತೆಗೆದದ್ದು ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ. ನನ್ನ ಎಡ ಅಂಗೈಗೆ ಸುರಿದು "ಉಜ್ಕೋ" ಎಂದರು. "ಈಗ ಬಲಗೈ ಬೆನ್ ಹಿಂದಕ್ಕೆ ಇಟ್ಕೋ. ಕಣ್ ಮುಚ್ಚು. ಹ್ಞೂಂ, ಒಂದೊಂದಾಗಿ ಬಿಚ್ಚು."

"ಅಮ್ಮಾ, ಮಾಲ್‌ಗೆಲ್ಲ ಎಣ್ಣೆ ಆಯ್ತದೆ!" ಎಂದ ಅಂಗಡಿಯವನು.

"ಒರೆಸ್ಕೊಟ್ಟೇ ಹೋಗ್ತೀನಿ, ಬಟ್ಟೆ ತಂದಿದ್ದೀನಿ. ಸೀರೆ ಅಂಗ್ಡೀಲಿ ಮಡಿಕೆ ಬಿಚ್ಚಿ ನೋಡಲ್ವೇನಪ್ಪ? ಇದೂ ಹಂಗೇ."

ನಾನು ಫೋನಿನಲ್ಲಿ ಮೆಚ್ಚಿದ್ದಂಥ ದಪ್ಪದ್ದು ನನ್ನ ಉಗುರು ಮುರಿಯಿತೇ ಹೊರತು ಬಿಚ್ಚಿಕೊಳ್ಳಲಿಲ್ಲ. ಇನ್ನೊಂದು ಬಿಚ್ಚಿತು, ಆದರೆ ಅಲಗಿಗೆ ಹಿಡಿತವಿರಲಿಲ್ಲ. ಒತ್ತಿದರೆ ಮಡಿಸಿಕೊಂಡು ಬೆರಳ ಮೇಲೇ ಬರುತ್ತಿತ್ತು. ಕಡೆಗೆ ಗೆದ್ದದ್ದು ಅವರದರಂಥ ಸಾದಾ ಒಂದು, ಚಾಕುವನ್ನು ಹೊರಗಿನಿಂದಲೇ ಒಂದೇ ಬೆರಳಲ್ಲಿ ಬಿಚ್ಚುವಂಥದ್ದು. "ಇಕ್ಕಳಕ್ಕೆ ಪುರುಸೊತ್ತಿರುತ್ತೆ. ಚಾಕೂಗಿರಲ್ಲ" ಎಂದರು.

"ಎಡಗೈ ಯಾಕೆ ಆಂಟಿ?"

"ಬಲಗೈಗೆ ಬೇರೆ ಕೆಲ್ಸ ಇರುತ್ತೆ."

ಹೀಗೆಂದರು. ಅಥವಾ ಹೀಗೆ ಅನ್ನಲೇ ಇಲ್ಲ. ಮುಂದೆ ಆದದ್ದನ್ನು ಕಂಡ ನಾನೇ ಈ ಮಾತನ್ನು ಸಂತೆಪೇಟೆಗೆ ಒಯ್ದು ಅವರ ಬಾಯಲ್ಲಿಟ್ಟೆ. ಎಣ್ಣೆ ಮಾತ್ರ ನಿಜ. ಅಂದು ತೊಟ್ಟಿದ್ದ ಕುರ್ತಾದ ಮೇಲೆ ಕಲೆ ಇನ್ನೂ ಇದೆ.

ಆ ವರ್ಷದ ಆಯುಧಪೂಜೆಗೆ ಅವರು ಪೋರ್ಟಿಕೋದಲ್ಲಿ ಮಣೆ ಹಾಕಿ, ಕತ್ತರಿ, ಸ್ಪ್ಯಾನರ್, ತಮ್ಮ ಗೊಂಚಲು, ನನ್ನ ಹೊಸ ಮಲ್ಟಿಟೂಲ್ ಎಲ್ಲವನ್ನೂ ಜೋಡಿಸಿ ಅರಿಸಿನ ಕುಂಕುಮ ಇಟ್ಟರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಅವರಲ್ಲಿ ಅದು ಎಷ್ಟು ಕಟ್ಟುನಿಟ್ಟೆಂದರೆ, ಅಂದಿನ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದರು. ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿದರು. ಆ ಒಂದು ದಿನ ಅವರು ನಡೆದರೆ ಸದ್ದಿರಲಿಲ್ಲ.

ನನ್ನ ಸ್ಕೂಟರಿಗೂ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಮೇಟಗಳ್ಳಿಗೆ ಕೆಲಸಕ್ಕೆ ಹೋಗುವಾಗ ನಾನು ದುಪಟ್ಟಾ ಹಾಕುವವಳೇ ಅಲ್ಲ. ಹಬ್ಬವೆಂದು ಅಂದು ಹೊಸದೊಂದನ್ನು ಕತ್ತಿಗೆ ಸುತ್ತಿ ತುದಿಯನ್ನು ಹಿಂದಕ್ಕೆ ಬಿಟ್ಟಿದ್ದೆ.

"ಹಣ್ಣಿನ ಮೇಲೆ ಹತ್ತಿಸ್ಕೊಂಡು ಒಂದ್ ರೌಂಡ್ ಹೋಗ್ಬಾ" ಎಂದರು. ನಿಂಬೆಹಣ್ಣು ಪಚಕ್ಕೆಂದದ್ದು ಕೇಳಿಸಿತು.

ಆಮೇಲಿನದು ನನ್ನಲ್ಲಿ ಚೂರುಚೂರಾಗಿದೆ. ತಲೆ ಹಿಂದಕ್ಕೆ ಹೋಯಿತು. ಆಕಾಶ. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಕಂಬಿಗಳು. ಉಸಿರು ಎಳೆದರೆ ಬರಲಿಲ್ಲ. ಕೂಗಿದರೆ ಧ್ವನಿಯಿಲ್ಲ. ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತೆಂದು ಗೊತ್ತಾದದ್ದು ಆಮೇಲೆ. ಆಗ ಗೊತ್ತಾದದ್ದು ಒಂದೇ: ಗಂಟಲಿಗೂ ಬಟ್ಟೆಗೂ ನಡುವೆ ಯಾರದೋ ಬೆರಳುಗಳು ತೂರಿ ಬಂದವು, ನನ್ನ ಚರ್ಮ ತರಚಿಕೊಂಡೇ ಬಂದವು. ಬಲಗೈ. ಕಿವಿಯ ಹತ್ತಿರ ಟಕ್ಕೆಂದಿತು. ಬಟ್ಟೆ ಪರ್ರೆಂದಿತು. ಉಸಿರು ಬಂತು, ಜೊತೆಗೆ ಕರ್ಪೂರದ ವಾಸನೆ.

ಅವರು ರಸ್ತೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. ಮಣೆಯ ಮೇಲಿದ್ದ ನನ್ನ ಮಲ್ಟಿಟೂಲ್ ಅವರ ಎಡಗೈಯಲ್ಲಿತ್ತು, ಅಲಗಿನ ತುಂಬ ಕೆಂಪು. ದೀಪದ ಎಣ್ಣೆಯೂ ಆ ಕೈಯಲ್ಲಿ ಇನ್ನೂ ಇತ್ತೇ? ಇತ್ತೆಂದು ಬರೆದರೆ ಎಲ್ಲ ಸರಿಹೊಂದಿಬಿಡುತ್ತದೆ. ಅದಕ್ಕೇ ಬರೆಯಲು ಕೈ ಬರುವುದಿಲ್ಲ. ನಾನು ಕೆಂಪನ್ನು ನೋಡಿ ಕಿರುಚಿದೆ.

"ಕುಂಕುಮ ಕಣೇ, ಕುಂಕುಮ! ಮೈಸೂರು ಪೇಟ ಸುತ್ಕೊಂಡಂಗೆ ಸುತ್ಕೊಂಡಿದ್ದೀಯಲ್ಲ ಗೂಬೆ, ಅದೂ ಕತ್ತಿಗೆ! ಹೋಗ್ಬುಟ್ಟಿದ್ರೆ?"

ಬೈಯುತ್ತಲೇ ನನ್ನನ್ನು ಒಳಗೆ ಕೂರಿಸಿ ನೀರು ಕೊಟ್ಟು, ಹೊರಗೆ ಹೋಗಿ ಚಾಕು ಮಡಿಸಿ ಮಣೆಯ ಮೇಲಿಟ್ಟು, ಹೊಸದಾಗಿ ಕುಂಕುಮವಿಟ್ಟು, ಎರಡೂ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ತಾಯಿ. ಅರ್ಜೆಂಟಿತ್ತು."

ಕತ್ತಿನ ಗೆರೆ ಮಾಸಿದ ಮೇಲೆ, ಅವರೆಕಾಯಿ ಕಾಲದಲ್ಲಿ, ಒಂದು ಬೆಳಿಗ್ಗೆ ಕೇಳಿದೆ. "ಆಂಟಿ, ನನಗಿಂತ ಮುಂಚೆ ಯಾರಿಗಾದ್ರೂ ಹಿಂಗಾಗಿತ್ತಾ?"

"ನಿಂಗಾಯ್ತಲ್ಲ, ಸಾಲ್ದಾ?" ಎಂದು ಮೊರವನ್ನು ನನ್ನ ಕಡೆ ತಳ್ಳಿದರು. ನಾನು ಕಾಯಿ ಬಿಡಿಸಲು ಕೂತೆ.

ಮುಂದಿನ ಬೇಸಿಗೆಯಲ್ಲಿ ಅವರು ಹೋದರು. ಒಂದು ಮಧ್ಯಾಹ್ನ ಹೃದಯ ನಿಂತಿತು, ನಾನು ಮೇಟಗಳ್ಳಿಯಲ್ಲಿದ್ದೆ. ಸಂಜೆ ಬಂದರೆ ಗೇಟಿನ ಮುಂದೆ ಚಪ್ಪಲಿಗಳು. ಕಾರ್ಯವೆಲ್ಲ ಮುಗಿದ ಮೇಲೆ, ನಜರ್‌ಬಾದಿನಿಂದ ಬಂದಿದ್ದ ಅವರ ತಮ್ಮನಿಗೆ ಎಣ್ಣೆಯ ಪರೀಕ್ಷೆ, ಎಡಗೈ, ಬಲಗೈಗೆ ಬೇರೆ ಕೆಲಸ ಎಂದದ್ದು ಎಲ್ಲ ಹೇಳಿದೆ. ಅವರ ಅಕ್ಕ ಹಿಂದೊಮ್ಮೆ ಯಾರನ್ನೋ ಹೀಗೆ ಉಳಿಸಲಾಗದೆ ಕಳೆದುಕೊಂಡಿದ್ದಿರಬೇಕೆಂದು ನಾನಾಗಲೇ ತೀರ್ಮಾನ ಮಾಡಿಕೊಂಡಿದ್ದೆ, ಅದನ್ನೂ ಕೇಳಿದೆ.

"ಅಂಥಾದ್ದೇನೂ ಇಲ್ಲಮ್ಮ. ಅಕ್ಕ ಹುಟ್ಟಿನಿಂದ ಎಡಚಿ. ಊಟಕ್ಕೆ ಎಡಗೈ ಹಾಕಿದ್ರೆ ನಮ್ಮಮ್ಮ ಸೌಟಲ್ಲಿ ಬಾರ್ಸೋರು. ಅಷ್ಟೇ." ಅಕ್ಕನ ಗೊಂಚಲನ್ನು ಕೈಯಲ್ಲಿ ಆಡಿಸಿದರು. "ನಂಗ್ ಗೊತ್ತಿರೋದು ಅಷ್ಟು. ಮದುವೆಯಾಗಿ ಹೋದ್ಮೇಲಿಂದು ಅವಳೇ ಹೇಳ್ಬೇಕಿತ್ತು."

ನಾನು ಕಟ್ಟಿದ್ದ ಕಥೆ ಒಂದು ಸೌಟಿನೇಟಿಗೆ ಬಿದ್ದುಹೋಗಿತ್ತು. ಮೇಲೆ ಬಂದು ಕುಕ್ಕರಿನ ಹಿಡಿ ಬಿಗಿ ಮಾಡುತ್ತಿರುವಾಗ ಹೊಳೆಯಿತು: ಎಡಚಿ ಅವರು, ನಾನಲ್ಲ. ಸಂತೆಪೇಟೆಯಲ್ಲಿ ಅವರು ಎಣ್ಣೆ ಸುರಿದದ್ದು ನನ್ನ ಎಡಗೈಗೆ. ಬರೀ ರೂಢಿಯಾಗಿದ್ದರೆ ನನ್ನ ಬಲಗೈಗೆ ಸುರಿಯಬೇಕಿತ್ತು.

ಗೊಂಚಲನ್ನು ಅವರ ತಮ್ಮ ಒಯ್ದರು. ನನ್ನದು ಈಗ ಬ್ಯಾಗಿನಲ್ಲಿಲ್ಲ, ಸೊಂಟದಲ್ಲಿದೆ. ಅದರ ಕೀಲಿನೊಳಗೆ ಸೇರಿದ ಕುಂಕುಮವನ್ನು ನಾನು ತೆಗೆದಿಲ್ಲ. ಅವರ ಬಲಗೈ ನನಗಿಂತ ಮೊದಲು ಯಾರ ಕತ್ತಿನ ಹತ್ತಿರ ಹೋಗಿತ್ತು, ಹೋಗಿತ್ತೇ ಇಲ್ಲವೇ, ನನಗೆ ಗೊತ್ತಿಲ್ಲ.