ಭೂರ್ಯಾನೂ ಬರ್ತಾನ

ಹೋದ ತಿಂಗಳು ಒಂದು ಭಾನುವಾರ ಮಾಣಿಕಪ್ಪ ಮಾಮಾ ಐರ್ಲೆಂಡಿನಿಂದ ಫೋನ್ ಮಾಡಿದ್ದರು. ಮಾತಿನ ನಡುವೆ ಒಂದು ಬೊಗಳು ಕೇಳಿಸಿತು. ಮುದಿ ಬೊಗಳು, ಒಂದು ಸಲ ಬೊಗಳಿದ ಮೇಲೆ ಎರಡನೆಯದಕ್ಕೆ ಉಸಿರು ಸಾಲದೆ ನಿಂತುಹೋಗುವಂಥದ್ದು. ಆದರೂ ಗುರುತು ಸಿಕ್ಕಿತು. ಭಾಲ್ಕಿಯ ನಮ್ಮ ಮನೆಯಂಗಳದಲ್ಲಿ ಹಾಲಿನವನ ಸೈಕಲ್ಲಿಗೆ ಬೊಗಳುತ್ತಿದ್ದ ಭೂರ್ಯಾ. ಮಾಮಾ ಅವನನ್ನು ಸುಮ್ಮನಾಗಿಸಿ, ಹೊರದೇಶದಿಂದ ನಾಯಿಯನ್ನು ನಮ್ಮ ದೇಶಕ್ಕೆ ತರಬೇಕಾದರೆ ಏನೇನು ಬೇಕು, ನೋಡಿ ಹೇಳುತ್ತೀಯಾ ಎಂದು ಕೇಳಿದರು.

ಶಕುಂತಲಾ ಅತ್ತೆ ತೀರಿಕೊಂಡು ವರ್ಷವಾಗಿತ್ತು. ಅವಳು ನನ್ನ ಅಪ್ಪನ ತಂಗಿ, ಮಾಣಿಕಪ್ಪ ಮಾಮಾ ಅವಳ ಗಂಡ. ಅವಳು ಹೋದಂದಿನಿಂದ ನಮ್ಮ ಮನೆಯವರೆಲ್ಲ ಮಾಮಾನಿಗೆ ಹೇಳುತ್ತಿದ್ದುದು ಒಂದೇ: ಇನ್ನು ಅಲ್ಲಿ ಯಾರಿದ್ದಾರೆ, ಊರಿಗೆ ಬಂದುಬಿಡಿ. ಎಲ್ಲರ ಬಾಯಲ್ಲೂ ಅದನ್ನೇ ಕೇಳಿ ಕೇಳಿ ಅವರೂ ಮೆತ್ತಗಾಗಿದ್ದರು. ಉಳಿದದ್ದು ಭೂರ್ಯಾನ ಪ್ರಶ್ನೆ. ಬಂದರೆ ಇಬ್ಬರೂ ಬರಬೇಕು, ಅದು ಅವರ ಹಟ.

ಈ ಪ್ರಶ್ನೆ ನನಗೆ ಹೊಸದಲ್ಲ. ಹತ್ತು ವರ್ಷದ ಹಿಂದೆ ಇದೇ ಪ್ರಶ್ನೆ ತಿರುಗುಮುರುಗಾಗಿ ನಮ್ಮ ಮನೆಯನ್ನು ಹೊಕ್ಕಿತ್ತು. ಆಗ ನಾನು ಬೀದರಿನ ಕಾಲೇಜಿನಲ್ಲಿ ಓದುತ್ತಿದ್ದೆ. ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನಾಯಿಯ ಕಾಗದಪತ್ರದ ಉಸ್ತುವಾರಿ ನನಗೆ ಬಂತು. ಅಂಥ ಅಧಿಕಾರ ಆಮೇಲೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಅತ್ತೆ ಔರಾದಿನಲ್ಲಿ ಸಾಲೆಯ ಟೀಚರು. ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಮ್ಮೆ ಸಾಲೆಗೆ ಬಾರದ ಹುಡುಗಿಯೊಬ್ಬಳನ್ನು ಹುಡುಕಿಕೊಂಡು ಡಾಬಕಾ ಹಳ್ಳಿಗೆ ಹೋದವಳು, ಹುಡುಗಿಯನ್ನು ಸಾಲೆಗೆ ಒಪ್ಪಿಸಿ, ಸೆರಗಿನಲ್ಲಿ ಒಂದು ಕಂದುಬಣ್ಣದ ನಾಯಿಮರಿ ಕಟ್ಟಿಕೊಂಡು ಬಂದಳು. ಬಣ್ಣ ನೋಡಿ ಭೂರ್ಯಾ ಎಂದು ಕರೆದದ್ದೇ ಹೆಸರಾಯಿತು. ಮನೆಗೆ ಹಿರಿಯರಾದ ದೊಡ್ಡಪ್ಪ ಅವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅತ್ತೆಯೂ ಜಗಳಕ್ಕೆ ಹೋಗಲಿಲ್ಲ. ತನ್ನ ಊಟದ ತಾಟನ್ನೇ ಹೊಸ್ತಿಲಾಚೆಯ ಕಟ್ಟೆಗೆ ಒಯ್ದಳು. ಅದೊಂದು ವಿಚಿತ್ರ ಹೆಣ್ಣು ನೋಡಿ, ಸೋತವರ ಹಾಗೆ ಎದ್ದುಹೋಗಿ ಗೆದ್ದು ಕೂತಿರುತ್ತಿತ್ತು.

ಮದುವೆಯ ಮಾತನ್ನು ಎಲ್ಲರೂ ಮರೆತಿದ್ದರು. ತಲೆ ಅರ್ಧ ಬೆಳ್ಳಗಾದ ಮೇಲೆ ಕಮಲನಗರದ ಸಂಬಂಧ ಬಂತು. ಹುಡುಗ ಎನ್ನಬೇಕೋ ಬೇಡವೋ, ಮಾಣಿಕಪ್ಪನವರೂ ಅತ್ತೆಯ ವಯಸ್ಸಿನವರೇ. ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಆರೈಕೆಯ ಕೆಲಸ. ಮಾತುಕತೆಯ ದಿನ ಅವರ ಅಕ್ಕ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನಮ್ಮದೇನೂ ಬೇಡಿಕೆಯಿಲ್ಲ ಎಂದರು. ದೊಡ್ಡಪ್ಪ ನಮ್ಮದೂ ಇಲ್ಲ ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಹೊರಗೆ ಬಂದಳು.

"ನನ್ದು ಒಂದು ಮಾತದರಿ," ಎಂದಳು. "ನಾ ಬಂದ್ರ ಭೂರ್ಯಾನೂ ಬರ್ತಾನ. ಆಗಂಗಿಲ್ಲಂದ್ರ ಚಹಾ ಕುಡ್ದು ಹೋಗ್ರಿ, ನಂಗೇನು ಬ್ಯಾಸರಿಲ್ಲ."

ಜೋಳಿಗೆಯಲ್ಲಿ ಬಿದ್ದ ಸಂಬಂಧ ಕೈಜಾರಿತೆಂದು ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಮಾಣಿಕಪ್ಪನವರು ಮಾತ್ರ ಕಟ್ಟೆಯ ಮೇಲೆ ಮಲಗಿದ್ದವನನ್ನು ಬಾಗಿಲಿನಿಂದ ಇಣುಕಿ ನೋಡಿ, ಅವನು ಏನು ತಿನ್ನುತ್ತಾನೆಂದು ಕೇಳಿದರು. ಜೋಳದ ರೊಟ್ಟಿ, ಮಜ್ಜಿಗೆ ಎಂದಳು ಅತ್ತೆ.

"ಅಲ್ಲಿ ಜ್ವಾಳದ ರೊಟ್ಟಿ ಸಿಗಂಗಿಲ್ರಿ," ಎಂದರು ಅವರು. "ರೂಢಿ ಆಗ್ತದ. ನನಗೂ ಆಗ್ಯದ."

ಸಂಬಂಧ ಗಟ್ಟಿಯಾದದ್ದು ಆ ಮಾತಿಗೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಆ ದೇಶದ ನಿಯಮಗಳನ್ನು ನಾನು ಓದಿ ಹೇಳಿದೆ. ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು, ಗುರುತಿನ ನಂಬರಿರುವ ಮೈಕ್ರೋಚಿಪ್ಪು ಕೂರಿಸಬೇಕು. ಆಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ತಿಂಗಳು ಬಿಟ್ಟು ರಕ್ತ ತೆಗೆದು, ಅವರು ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರಕ್ತ ಪಾಸಾದರೂ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹೊರಡುವ ಮುಂಚೆ ಸರಕಾರಿ ಡಾಕ್ಟರ ಸರ್ಟಿಫಿಕೇಟು, ತಲುಪುವ ಒಂದೆರಡು ದಿನ ಮೊದಲು ಹುಳದ ಮಾತ್ರೆ. ದೊಡ್ಡಪ್ಪ ಎಲ್ಲ ಕೇಳಿ, ಇಷ್ಟು ವಿಚಾರಣೆಯನ್ನು ನಾವು ವರನಿಗೇ ಮಾಡಿಲ್ಲವಲ್ಲ ಎಂದರು.

ಬೀದರಿನ ಪಶು ಆಸ್ಪತ್ರೆಯ ಹೆಣ್ಣು ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ಚಿಪ್ಪನ್ನು ಹೈದರಾಬಾದಿನಿಂದ ತರಿಸುವುದಾಗಿ ಹೇಳಿ, ಅಲ್ಲಿಯವರೆಗೆ ಕಾಯಿರಿ ಎಂದಿದ್ದರು. ಕಾಯಬಹುದಿತ್ತು. ಆದರೆ ಅಮವಾಸ್ಯೆ ಹತ್ತಿರವಾಗುತ್ತಿತ್ತು, ಅದು ಕಳೆದರೆ ಆಷಾಢ. ಆಷಾಢದಲ್ಲಿ ನಮ್ಮಲ್ಲಿ ಮದುವೆಯ ಯಾವ ಕೆಲಸಕ್ಕೂ ಕೈ ಹಚ್ಚುವುದಿಲ್ಲ. ಅರಿಸಿನ ಕುಟ್ಟುವುದಿಲ್ಲ, ಸೀರೆ ಕೊಳ್ಳುವುದಿಲ್ಲ. ನಾಯಿ ಮದುವೆಯ ಕರಾರಿನಲ್ಲಿ ಸೇರಿದ ಮೇಲೆ ನಾಯಿಯ ಇಂಜೆಕ್ಷನ್ನೂ ಮದುವೆಯ ಕೆಲಸವೇ ಆಯಿತಲ್ಲ. ದೊಡ್ಡಪ್ಪ ಪಂಚಾಂಗ ನೋಡಿ, ಒಳ್ಳೆಯ ಘಳಿಗೆ ಹಿಡಿದು, ಅಮವಾಸ್ಯೆಯ ಮುಂಚೆಯೇ ಭಾಲ್ಕಿಯಲ್ಲಿ ಭೂರ್ಯಾನಿಗೆ ಚುಚ್ಚುಮದ್ದು ಹಾಕಿಸಿಬಿಟ್ಟರು. ಅವತ್ತು ಅವನ ಹಣೆಗೆ ವಿಭೂತಿಯೂ ಬಿತ್ತು. ಹೊಸ್ತಿಲು ದಾಟಲು ಬಿಡದ ಮನುಷ್ಯ ವಿಭೂತಿ ಹಚ್ಚಿದ್ದನ್ನು ಕಂಡು ಅತ್ತೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಚಿಪ್ಪು ಬಂದದ್ದು ಆಷಾಢದಲ್ಲಿ. ಶುರುವಾದ ಕೆಲಸ ಮುಂದುವರಿಸಲು ದೋಷವಿಲ್ಲ ಎಂದರು ದೊಡ್ಡಪ್ಪ; ಅದನ್ನು ಕೂರಿಸಿದರು, ಚುಚ್ಚುಮದ್ದಿನ ತಾರೀಖು ಯಾರೂ ಕೇಳಲಿಲ್ಲ, ರಕ್ತವೂ ಹೋಯಿತು. ಎಲ್ಲ ಲೆಕ್ಕ ಹಾಕಿ ದೀಪಾವಳಿ ಕಳೆದ ಮೇಲಿನ ಮುಹೂರ್ತ ಇಟ್ಟರು. ಮದುವೆಯ ವಾರದಲ್ಲಿ ಸರ್ಟಿಫಿಕೇಟಿಗೆಂದು ಅತ್ತೆಯೂ ನಾನೂ ಹೋದಾಗ ಡಾಕ್ಟರ್ ಬಾಯಿ ಎರಡೂ ತಾರೀಖು ನೋಡಿ ಪೆನ್ನು ಕೆಳಗಿಟ್ಟರು.

"ಅಕ್ಕಾ, ಮೊದ್ಲು ಚಿಪ್ಪ, ಆಮ್ಯಾಲ ಇಂಜೆಕ್ಷನ್," ಎಂದರು ಮೆಲ್ಲಗೆ. "ಗುರ್ತು ಹಾಕೋಕಿಂತ ಮೊದ್ಲು ಕೊಟ್ಟಿದ್ದು ಇದೇ ನಾಯಿಗಿ ಕೊಟ್ಟೀರಿ ಅಂತ ಅವ್ರು ಹ್ಯಾಂಗ ನಂಬ್ತಾರ? ಎಲ್ಲಾ ಹೊಸದಾಗಿ ಮಾಡ್ಬೇಕ್ರಿ."

ಹೊಸದಾಗಿ ಎಂದರೆ ಮತ್ತೆ ಚುಚ್ಚುಮದ್ದು, ಮತ್ತೆ ರಕ್ತ, ಮತ್ತೆ ಆ ಮೂರು ತಿಂಗಳು. ನಿಯಮ ಓದಿ ಹೇಳಿದ ನನಗೂ ಆ ಕ್ರಮ ಹೊಳೆದಿರಲಿಲ್ಲ. ಬೀದರಿನಿಂದ ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಆ ಕಾಗದಗಳನ್ನು ಮಡಚಿ ಚೀಲದ ತಳಕ್ಕೆ ತುರುಕಿದಳು. ಕಿಟಕಿಯಾಚೆ ತೊಗರಿಯ ಹೊಲಗಳು ಹಳದಿ ಹೂ ಬಿಟ್ಟು ನಿಂತಿದ್ದವು. ಅವಳಿಗೆ ಅದೊಂದೂ ಬೇಡವಾಗಿತ್ತು. ಇಳಿಯುವ ಹೊತ್ತಿಗೆ, ಅವರಿಗೆ ಬೇರೆ ಹೆಣ್ಣು ನೋಡಿಕೊಳ್ಳಲು ಹೇಳಿಬಿಡು ಎಂದಳು.

ನಾನು ಫೋನಿನಲ್ಲಿ ಹೇಳಿದೆ, ತೊದಲುತ್ತ. ಮಾಣಿಕಪ್ಪನವರು ಎಲ್ಲ ಕೇಳಿ, ಮದುವೆ ಆ ದಿನವೇ ಆಗಲಿ ಎಂದರು. ಆಸ್ಪತ್ರೆಗೆ ಬರೆದು ಸಂಬಳವಿಲ್ಲದ ಬಿನ್‌ಪಗಾರಿ ರಜೆ ಹಾಕಿದರು. ಮದುವೆ ಮುಗಿಸಿ, ಒಂದು ಸೂಟ್‌ಕೇಸ್ ಹಿಡಿದು, ಹೆಂಡತಿಯ ತವರಿಗೇ ಬಂದು ಕೂತರು. ಅಳಿಯ ತಿಂಗಳುಗಟ್ಟಲೆ ಮಾವನ ಮನೆಯಲ್ಲಿ ಕೂತರೆ ಭಾಲ್ಕಿಯ ಮಂದಿ ಸುಮ್ಮನಿರುತ್ತಾರೆಯೇ? ನಾಯಿ ಕಾಯಲು ಇಟ್ಟುಕೊಂಡಿದ್ದಾರೆ ಎಂದು ನಕ್ಕರು. ಮಾಮಾ ತಾವೂ ಅವರೊಡನೆ ನಕ್ಕುಬಿಡುತ್ತಿದ್ದರು.

ನಿಮಗೊಂದು ಮಾತು ಹೇಳಬೇಕು. ಅವರಿಬ್ಬರಿಗೆ ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ನೇರವಾಗಿ ವಿಮಾನ ಹತ್ತಿದ್ದರೆ ಆ ಪರದೇಶದಲ್ಲಿ ಇಬ್ಬರು ಅಪರಿಚಿತರು ಒಂದೇ ಅಡುಗೆಮನೆಯಲ್ಲಿ ಸಂಕೋಚದಿಂದ ಓಡಾಡಿಕೊಂಡಿರುತ್ತಿದ್ದರೇನೋ. ಇಲ್ಲಿ ದಿನಾ ಬೆಳಗ್ಗೆ ಭೂರ್ಯಾನನ್ನು ಕರೆದುಕೊಂಡು ಸಾಯಗಾಂವದ ದಾರಿಯಲ್ಲಿ ನಡೆದುಹೋಗುತ್ತಿದ್ದರು. ಮೊದಮೊದಲು ಅತ್ತೆ ಮುಂದೆ, ಮಾಮಾ ಹಿಂದೆ, ನಡುವೆ ನಾಯಿ. ಬೇಸಿಗೆ ಬರುವಷ್ಟರಲ್ಲಿ ನಾಯಿ ಒಂದೇ ಮುಂದೆ, ಇವರಿಬ್ಬರೂ ಮಾತಾಡುತ್ತ ಹಿಂದೆ. ಅತ್ತೆ ಅಷ್ಟು ಮಾತಾಡಬಲ್ಲಳೆಂದು ನಮ್ಮ ಮನೆಗೆ ಗೊತ್ತಾದದ್ದೇ ಆಗ. ದೊಡ್ಡಪ್ಪನ ಪಂಚಾಂಗ ಮಾಡಿದ ತಪ್ಪಿಗೆ ನಾವು ಕೃತಜ್ಞರಾಗಿರಬೇಕು.

ಅವರು ಹೋದರು, ಮೂವರೂ. ಅಲ್ಲಿ ಒಳ್ಳೆಯ ದಿನಗಳನ್ನು ಕಂಡರು.

ಈ ಸಲವೂ ನಾನು ನಿಯಮ ಓದಿ ಮಾಮಾನಿಗೆ ತಿಳಿಸಿದೆ. ಇಲ್ಲಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಒಪ್ಪಿಗೆ, ಅಲ್ಲಿನ ಡಾಕ್ಟರ ಆರೋಗ್ಯಪತ್ರ, ಇನ್ನೊಂದಿಷ್ಟು. ಆಗುವಂಥದ್ದೇ ಇತ್ತು. ಆದರೆ ಎರಡು ವಾರದ ನಂತರ ಮಾಮಾ ಫೋನ್ ಮಾಡಿ, ಡಾಕ್ಟರು ಭೂರ್ಯಾನ ಎದೆ ನೋಡಿ ಇವನು ವಿಮಾನ ತಾಳುವುದಿಲ್ಲ ಎಂದರೆಂದು ಹೇಳಿದರು. ಪಕ್ಕದ ಮನೆಯವರು ಒಳ್ಳೆಯವರು, ನಾಯಿಯನ್ನು ಇಟ್ಟುಕೊಳ್ಳಲು ತಯಾರಿದ್ದರಂತೆ. ಹಾಗಾದರೆ ನೀವು ಬನ್ನಿ ಮಾಮಾ ಎಂದೆ.

"ನಿಮ್ಮತ್ತಿ ನಂಗ ಗುರ್ತಾಗಿದ್ದು ಇವನ ಹಿಂದ ನಡ್ಕೋತ," ಎಂದರು. "ಇವನ್ನ ಬಿಟ್ಟು ಬಂದ್ರ ಆಕಿನ್ನ ಬಿಟ್ಟು ಬಂದಂಗ ಆಗ್ತದ. ಇವ ಇರೂತನ ನಾ ಇಲ್ಲೇ ಇರ್ತೇನಿ."

ಭಾಲ್ಕಿಗೆ ಹೋಗಿ ಮನೆಯಲ್ಲಿ ಹೇಳಿದೆ. ನಾಯಿಗೋಸ್ಕರ ಮನುಷ್ಯ ಪರದೇಶದಲ್ಲಿ ಒಂಟಿಯಾಗಿರುವುದೇ ಎಂದು ಎಲ್ಲರೂ ಒಟ್ಟಿಗೆ ಶುರುಮಾಡಿದರು. ಕಿವಿ ಮಂದವಾಗಿರುವ ದೊಡ್ಡಪ್ಪ ಮಂಚದ ಮೇಲಿಂದ ನನ್ನನ್ನು ಹತ್ತಿರ ಕರೆದು, ಇನ್ನೊಮ್ಮೆ ಎಲ್ಲ ಹೇಳಿಸಿಕೊಂಡರು.

"ಒತ್ತಾಯ ಮಾಡಬ್ಯಾಡ್ರಿ," ಎಂದರು. "ಮನಿ ಮಂದಿನ್ನ ಬಿಟ್ಟು ಅವ ಹ್ಯಾಂಗ ಬರ್ತಾನ."

ಈಗ ಭಾನುವಾರ ಫೋನ್ ಬಂದರೆ ಯಾವಾಗ ಬರುತ್ತೀರಿ ಎಂದು ನಾವು ಯಾರೂ ಕೇಳುವುದಿಲ್ಲ. ದೊಡ್ಡಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು ಮೊದಲು ಕೇಳುವುದು, ಭೂರ್ಯಾ ಉಂಡನೇ ಎಂದು.