ಕಡಲು ತಂದಿಟ್ಟ ಖಣ

ದೀವ್ ದ್ವೀಪ, ಮಧ್ಯಾಹ್ನ. ದಂಡೆಯ ಮೇಲೆ ನಾನು, ಅವ್ವ, ಮತ್ತೆ ಕವಲೊಡೆದ ತಾಳೆಮರದ ನೆರಳಿಗೆ ಮಲಗಿದ ಒಂದು ನಾಯಿ. ನಮ್ಮ ಕಡೆ ಘತ್ತರಗಿಯಲ್ಲಿ ಭೀಮಾ ಹೊಳೆಗೆ ಉಡಿ ತುಂಬುವಂತೆ, ದಿನ ತುಂಬಿದ ನನ್ನ ತಂಗಿಯ ಹೆರಿಗೆ ಸುಸೂತ್ರವಾಗಲೆಂದು ಬೇಡಿಕೊಂಡು ಅವ್ವ ಕಡಲಿಗೆ ಹಸಿರು ಕುಪ್ಪಸದ ಖಣ ಬಿಟ್ಟಳು. ಹೊಳೆಯಾಗಿದ್ದರೆ ಒಯ್ಯುತ್ತಿತ್ತು. ಇಲ್ಲಿ ತೆರೆ ಅದನ್ನು ತಂದು ಅವಳ ಪಾದದ ಮೇಲೆಯೇ ಇಟ್ಟಿತು. ಮತ್ತೆ ಬಿಟ್ಟಳು, ಮತ್ತೆ ಬಂತು.

“ಗಂಗವ್ವ ಒಲ್ಲೆ ಅನ್ನಾಕತ್ತಾಳೇನಪಾ?” ಅವಳ ಮುಖ ಸಣ್ಣದಾಯಿತು.

“ಅದು ಏನ್ ಒಗದ್ರೂ ದಂಡಿಗೇ ತರ್ತದ ಬೇ ಅವ್ವಾ,” ಎಂದೆ.

ಅವಳಿಗೆ ಸಮಾಧಾನವಾಗಲಿಲ್ಲ. ಅಷ್ಟರಲ್ಲಿ ಯಾತ್ರೆಯ ಬಸ್ಸು ಹಾರ್ನ್ ಹೊಡೆಯಿತು. ಬಿಟ್ಟು ಬರಲು ಮನಸ್ಸಾಗದೆ, ಒದ್ದೆ ಖಣವನ್ನು ತನ್ನ ಉಡಿಯಲ್ಲೇ ಕಟ್ಟಿಕೊಂಡಳು. ಸೀಟಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು:

“ಹಂಗಾರ ಉಡಿ ತುಂಬಿದಾಕಿ ನಾನೋ, ಗಂಗವ್ವನೋ?”